ಬೀಗದಕ್ಕನ ಎಡಗಣ್ಣು

ಬೀಗದಕ್ಕನ ಮನೆಯ ಆಲ್ಬಮ್ ತಿರುವಿದವರಿಗೆ ಒಂದು ಸಂಗತಿ ಗಮನಕ್ಕೆ ಬಾರದೆ ಇರದು. ಮದುವೆಯ ಫೋಟೋದಲ್ಲಿ ಅವಳ ಎಡಗಣ್ಣು ಮುಚ್ಚಿದೆ. ಮಗಳನ್ನು ಮೊದಲ ಸಲ ಎತ್ತಿಕೊಂಡ ಫೋಟೋದಲ್ಲೂ ಮುಚ್ಚಿದೆ. ಸಮುದ್ರದ ದಂಡೆಯಲ್ಲಿ ಬಳಗವೆಲ್ಲ ಸಾಲಾಗಿ ನಿಂತು ನಕ್ಕ ಚಿತ್ರದಲ್ಲಿ ಎಲ್ಲರಿಗೂ ಎರಡು ಕಣ್ಣು, ಅವಳಿಗೆ ಮಾತ್ರ ಒಂದೇ.

ಕಣ್ಣಿಗೆ ಯಾವ ದೋಷವೂ ಇಲ್ಲ. ಲಂಗ ತೊಡುವ ವಯಸ್ಸಿನಲ್ಲೇ ಅಪ್ಪನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಬೀಗದ ಕಿಂಡಿಯೊಳಗೆ ಇಣುಕಿ ಇಣುಕಿ ಕಸುಬು ಕಲಿತವಳು ಅವಳು. ದುಂಡಗೆ, ಕಪ್ಪಗೆ ಇರುವ ತೂತೊಂದು ಎದುರಿಗೆ ಬಂದರೆ ಸಾಕು, ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಕ್ಯಾಮೆರಾದ ಕಣ್ಣೂ ಹಾಗೆಯೇ ಇರುವಾಗ ಅವಳಾದರೂ ಏನು ಮಾಡಿಯಾಳು?

ಬಹಳ ಕಾಲ ಇದು ಮನೆಯವರ ನಗೆಗೆ ಒಂದು ನೆಪವಾಗಿತ್ತು, ಅಷ್ಟೆ. ಹಳೆಯ ಮಾರುಕಟ್ಟೆಯ ಮೆಟ್ಟಿಲ ಕೆಳಗೆ, ಕೊಡೆ ರಿಪೇರಿಯವನ ಪಕ್ಕದಲ್ಲಿ, ಅಪ್ಪ ಬಿಟ್ಟುಹೋದ ಗೂಡಿನಂಥ ಅಂಗಡಿ ಅವಳದು. ಬೀಗ ಕೈಕೊಟ್ಟವರು ನೇರವಾಗಿ ಅಲ್ಲಿಗೇ ಬರುತ್ತಿದ್ದರು. ಅಂಗಡಿಗೆ ಬೋರ್ಡೇ ಇರಲಿಲ್ಲ; ಅವಳ ಮುಖವೇ ಬೋರ್ಡು. ಮಾರುಕಟ್ಟೆ ಶಿಥಿಲವಾಗಿದೆಯೆಂದು ಕಟ್ಟಡವನ್ನು ಕೆಡವಿದ ಮೇಲೆ ಆ ಬೋರ್ಡು ಕಾಣುವ ಜಾಗವೂ ಹೋಯಿತು, ಗಿರಾಕಿಗಳೂ ಚದುರಿದರು.

ಪೇಟೆಯ ದೊಡ್ಡ ಅಂಗಡಿಯವರು, ಗಲ್ಲಾದ ಪಕ್ಕ ಕುಳಿತು ಹೊಸ ಬೀಗ ಮಾರಲು ಬರುವಂತೆ ಕರೆದಿದ್ದರು. ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕಿತ್ತು. ಬೀಗದಕ್ಕನಿಗೆ ಅದು, ಈಜು ಬಲ್ಲವನನ್ನು ಕರೆದು ನೀರಿನ ಬಾಟಲಿ ಮಾರಲು ಕೂರಿಸಿದಂತೆ. ಹಟಮಾರಿ ಬೀಗವೊಂದು ಕೈಯಲ್ಲಿ 'ಟಕ್' ಎಂದು ಸೋಲೊಪ್ಪುವ ಆ ಕ್ಷಣವಿಲ್ಲದೆ ದಿನ ಕಳೆಯುವುದು ಹೇಗೆ? ಆದ್ದರಿಂದ ಅವಳು ರಿಪೇರಿ ಕೆಲಸದವರನ್ನೆಲ್ಲ ಒಂದೆಡೆ ತೋರಿಸುವ ಜಾಲತಾಣವೊಂದರಲ್ಲಿ ತನ್ನ ಕೆಲಸ, ಫೋನ್ ನಂಬರು ಎಲ್ಲ ಹಾಕಿಸಿದಳು. ಒಂದು ಮಾತ್ರ ಬಾಕಿ ಉಳಿಯಿತು. ಫೋಟೋ ಬೇಕು. ಮುಖ ಕಾಣದ ಬೀಗದವಳಿಗೆ ಮನೆಯ ಬಾಗಿಲು ತೆರೆಯುವವರು ಯಾರು?

ಮೊದಲು ಗಂಡನೇ ಫೋನು ಹಿಡಿದ. ಅವನು ಬಸ್ಸಿನ ಡ್ರೈವರು. ಬಾಯಿಗೆ ಮಾತ್ರ ಬ್ರೇಕಿಲ್ಲ.

"ಏನೇ ಇದು? ಗಿರಾಕಿಗಳಿಗೆಲ್ಲ ಕಣ್ಣು ಹೊಡೀತಾ ಇದ್ದೀಯಲ್ಲ!"

"ನೀವು ಫೋನನ್ನ ಮೂಗಿನ ಮುಂದೆ ಹಿಡಿದ್ರೆ ಇನ್ನೇನಾಗುತ್ತೆ? ದೂರ ನಿಂತ್ಕೊಳ್ರೀ."

"ಇನ್ನೂ ದೂರ ಅಂದ್ರೆ ನಾನು ರಸ್ತೆಗೇ ಹೋಗ್ಬೇಕು."

ಕುಳಿತು ತೆಗೆದರು, ನಿಂತು ತೆಗೆದರು. ಅವಳು ಎರಡೂ ಕಣ್ಣನ್ನು ಬಲವಂತವಾಗಿ ಅಗಲಿಸಿದಾಗ ಬಂದ ಚಿತ್ರವನ್ನು ನೋಡಿ ಗಂಡನೇ ಬೆಚ್ಚಿದ. "ಇದನ್ನ ಹಾಕಿದ್ರೆ ಬೀಗದವಳು ಬಂದ್ಲು ಅನ್ನಲ್ಲ, ಕಳ್ಳ ಬಂದ ಅಂತಾರೆ."

ಕೊನೆಗೆ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವ ನಾದಿನಿ ಬಂದಳು. ಅತ್ತಿಗೆಯ ಮುಖಕ್ಕೆ ಪೌಡರು ಹಚ್ಚಿ, ಕಿಟಕಿಯ ಬೆಳಕಿಗೆ ಕೂರಿಸಿ ಫೋಟೋ ತೆಗೆದಳು. ಎಡಗಣ್ಣು ಎಂದಿನಂತೆ ಮುಚ್ಚಿತ್ತು. "ಅದಕ್ಕೇನಂತೆ ಅತ್ತಿಗೆ, ನಾನಿಲ್ವಾ?" ಎಂದವಳೇ ಫೋನಿನಲ್ಲಿ ಬೆರಳಾಡಿಸಿ ಬಲಗಣ್ಣನ್ನೇ ಎಡಕ್ಕೂ ಅಂಟಿಸಿದಳು. ಕೆನ್ನೆಯ ಮಚ್ಚೆ ಮಾಯವಾಯಿತು, ಹಣೆಯ ಗೆರೆಗಳು ಅಳಿಸಿಹೋದವು, ಮುಖವೆಲ್ಲ ಹೊಸದಾಗಿ ಸುಣ್ಣ ಬಳಿದ ಗೋಡೆಯಾಯಿತು.

"ಇವಳು ಯಾರೇ?" ಎಂದಳು ಬೀಗದಕ್ಕ.

"ನೀವೇ ಅತ್ತಿಗೆ! ಎಷ್ಟು ಚೆನ್ನಾಗಿದ್ದೀರಿ ನೋಡಿ."

ಚೆನ್ನಾಗಿರುವುದು ಯಾರಿಗೆ ಬೇಡ? ಬೀಗದಕ್ಕ ಒಪ್ಪಿಬಿಟ್ಟಳು. ಫೋಟೋ ಜಾಲತಾಣಕ್ಕೆ ಏರಿತು.

ಕೆಲವು ದಿನಗಳಲ್ಲೇ ಮೊದಲ ಕರೆ ಬಂತು. ಬಾಗಿಲಿನ ಬೀಗ ಒಳಗಿನಿಂದ ತಿರುಗುತ್ತಿಲ್ಲ, ಮನೆಯೊಳಗೆ ಸಿಕ್ಕಿಕೊಂಡಿದ್ದೇನೆ ಎಂದು ವಯಸ್ಸಾದ ಹೆಂಗಸಿನ ದನಿ. ಬೀಗದಕ್ಕ ಅಪ್ಪನ ಹಳೆಯ ಚೀಲವನ್ನು ಹೆಗಲಿಗೇರಿಸಿ ಹೊರಟಳು. ಮೂರನೆಯ ಮಹಡಿ, ಹಸಿರು ಬಾಗಿಲು, ಅದರ ನಡುವೆ ಹೊರಗೆ ಯಾರಿದ್ದಾರೆಂದು ನೋಡಲು ಇಟ್ಟ ಪುಟ್ಟ ಗಾಜಿನ ಕಿಂಡಿ. ಗಂಟೆ ಒತ್ತಿದಳು. ಕಿಂಡಿ ಕಪ್ಪಾಯಿತು.

"ಯಾರು?"

"ಬೀಗದವಳಮ್ಮಾ. ನೀವೇ ಫೋನ್ ಮಾಡಿದ್ರಲ್ಲ."

ಒಳಗಿದ್ದವರು ಕಿಂಡಿಯನ್ನೊಮ್ಮೆ, ಫೋನನ್ನೊಮ್ಮೆ ನೋಡುತ್ತಿದ್ದರೆಂದು ಕಾಣುತ್ತದೆ.

"ಫೋಟೋದಲ್ಲಿರೋದು ಬೇರೆ ಹುಡುಗಿ. ನೀನು ಅವಳ ತಾಯಿಯಾ?"

"ಅಯ್ಯೋ ತಾಯಿಯಲ್ಲ, ಅದು ನಾನೇ!"

"ಸುಳ್ಳು ಹೇಳ್ಬೇಡ. ಅವಳಿಗೆ ಎರಡೂ ಬಲಗಣ್ಣೇ ಇದೆ. ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಅಂಥ ಮುಖ ಇದುವರೆಗೂ ನೋಡಿಲ್ಲ. ಹೋಗಮ್ಮ, ನಾನು ಬೇರೆಯವರನ್ನ ಕರೀತೀನಿ."

ಮೊದಲ ಗಿರಾಕಿಯೇ ಹೀಗೆ ಕಳಿಸಿದರೆ ಮುಂದೆ ಗಲ್ಲಾದ ಪಕ್ಕದ ಕುರ್ಚಿಯೇ ಗತಿ. ಗಾಬರಿಯಲ್ಲಿ, ಒಳಗಿರುವವರ ಮುಖವಾದರೂ ಕಂಡೀತೆಂದು, ಹಳೆಯ ಅಭ್ಯಾಸದಂತೆ ಎಡಗಣ್ಣು ಮುಚ್ಚಿ ಬಲಗಣ್ಣನ್ನು ಕಿಂಡಿಗೆ ಆನಿಸಿಬಿಟ್ಟಳು. ಒಳಗಿನಿಂದ "ಅಮ್ಮಯ್ಯಾ!" ಎಂಬ ಕೂಗು. ತಟ್ಟೆಯಗಲದ ಕಣ್ಣೊಂದು ಎದುರಿಗೆ ಬಂದರೆ ಯಾರು ತಾನೆ ಕೂಗಿಕೊಳ್ಳರು!

"ಹೆದರ್ಬೇಡಿ ಅಮ್ಮಾ. ನನ್ನನ್ನ ಒಳಗೆ ಬಿಡೋದೂ ಬೇಡ. ಬಾಗಿಲಿನ ಸರಪಳಿ ಹಾಕಿಯೇ ಇರಲಿ. ಬೀಗದಕೈ ಒಮ್ಮೆ ತಿರುಗಿಸಿ, ನಾನು ಕೇಳ್ತೀನಿ."

ಒಳಗೆ 'ಕರ್' ಎಂದಿತು. ಬೀಗದಕ್ಕ ಕಿವಿಗೊಟ್ಟಳು.

"ಬೀಗ ಕೆಟ್ಟಿಲ್ಲ, ಬಾಗಿಲು ಜಗ್ಗಿದೆ. ಹಿಡಿಕೆ ಹಿಡಿದು ಬಾಗಿಲನ್ನ ಸ್ವಲ್ಪ ಮೇಲಕ್ಕೆತ್ತಿ, ಹಾಗೇ ತಿರುಗಿಸಿ."

'ಟಕ್'. ಸರಪಳಿಯಷ್ಟು ಅಗಲಕ್ಕೆ ಬಾಗಿಲು ತೆರೆಯಿತು. ಸಂದಿನಲ್ಲಿ ಬಿಳಿಗೂದಲಿನ ಮುಖವೊಂದು ಇಣುಕಿತು. ಹೊಸ್ತಿಲಾಚೆ, ಮಚ್ಚೆಯ ಹೆಂಗಸೊಬ್ಬಳು ಆಗಲೇ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಬೀಗದ ತೂತಿನೊಳಗೆ ಕಣ್ಣು ನೆಟ್ಟಿದ್ದಳು. ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. ಸರಪಳಿ ಕಳಚಿದರು.

ಬಾಗಿಲಿನ ಕೀಲಿನ ಸ್ಕ್ರೂಗಳನ್ನು ಬಿಗಿಮಾಡಿ, ಬೀಗಕ್ಕೆ ಎಣ್ಣೆ ಬಿಟ್ಟು, ಚಹಾ ಕುಡಿಯುವ ಹೊತ್ತಿಗೆ ಬೀಗದಕ್ಕ ಫೋಟೋದ ಕಥೆಯೆಲ್ಲ ಹೇಳಿ ಮುಗಿಸಿದ್ದಳು.

"ಹುಚ್ಚಿ, ಬಾಗಿಲು ತೆಗೆಯೋವರಿಗೆ ಚಂದದ ಮುಖ ಯಾಕೆ? ಬಂದಿರೋದು ಅದೇ ಮುಖವಾ ಅಂತ ಗೊತ್ತಾದ್ರೆ ಸಾಕು," ಎಂದರು ನರ್ಸಮ್ಮ. "ಕೊಡು ಫೋನು."

"ಬೇಡಿ ಅಮ್ಮಾ, ಕಣ್ಣು ಮುಚ್ಚಿಕೊಳ್ಳುತ್ತೆ."

"ಎಷ್ಟು ಮಕ್ಕಳಿಗೆ ಸೂಜಿ ಚುಚ್ಚಿದ್ದೀನಿ ಗೊತ್ತಾ? ಸೂಜಿ ನೋಡೋ ಮಗು ಅಳುತ್ತೆ. ನೀನು ಫೋನ್ ನೋಡ್ಬೇಡ, ನನ್ನ ಮುಖ ನೋಡು. ಹೇಳು, ನೀನು ಮೊದಲು ತೆಗೆದ ಬೀಗ ಯಾವುದು?"

"ಅದಾ?" ಬೀಗದಕ್ಕನ ಮುಖ ಅರಳಿತು. "ನಮ್ಮಮ್ಮನ ತಿಂಡಿ ಡಬ್ಬಿ ಇಡೋ ಬೀರುವಿನದು! ತೆಗೆದೆ, ತಿಂದೆ, ಆದ್ರೆ ವಾಪಸ್ ಹಾಕೋಕೆ ಬರ್ಲಿಲ್ಲ. ಅಪ್ಪ ನೋಡಿ ಹೊಡೀತಾರೆ ಅಂದ್ಕೊಂಡ್ರೆ, ಪಕ್ಕದಲ್ಲಿ ಕೂತು ಹಾಕೋದು ಹೇಳಿಕೊಟ್ರು..."

"ಆಯ್ತು, ಏಳು."

"ಏನಾಯ್ತು?"

"ಸೂಜಿ ಚುಚ್ಚಿದ್ದಾಯ್ತು."

ಚಿತ್ರದಲ್ಲಿ ಮಚ್ಚೆ ಇತ್ತು, ಹಣೆಯ ಗೆರೆಗಳಿದ್ದವು, ಹೆಗಲ ಮೇಲೆ ಚೀಲದ ಪಟ್ಟಿಯಿತ್ತು. ನಗುವ ಮುಖದಲ್ಲಿ ಎರಡು ಕಣ್ಣುಗಳಿದ್ದವು; ಎಡದ್ದು ಎಡದ್ದೇ, ಬಲದ್ದು ಬಲದ್ದೇ. ಸಂಜೆ ಗಂಡ ಅದನ್ನು ಕಣ್ಣ ಹತ್ತಿರ ಹಿಡಿದು ಮತ್ತೆ ಮತ್ತೆ ನೋಡಿದ. ಆಮೇಲೆ, "ಇಷ್ಟು ವರ್ಷ ಆ ಎಡಗಣ್ಣನ್ನ ಎಲ್ಲಿ ಬಚ್ಚಿಟ್ಟಿದ್ದೆ?" ಎಂದ. ನಾದಿನಿ ಮಾತ್ರ, ಮಚ್ಚೆಯನ್ನಾದರೂ ಅಳಿಸಬಹುದಿತ್ತೆಂದು ಗೊಣಗುತ್ತಲೇ ಹಳೆಯ ಫೋಟೋ ತೆಗೆದು ಇದನ್ನು ಜಾಲತಾಣಕ್ಕೆ ಏರಿಸಿದಳು.

ಮರುವಾರ ಇನ್ನೊಂದು ಮನೆಯಿಂದ ಕರೆ ಬಂತು. ಬೀಗದಕ್ಕ ಗಂಟೆ ಒತ್ತಿ, ಈ ಸಲ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಕಿಂಡಿ ಕಪ್ಪಾಯಿತು. ಅವಳ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು. ಅಯ್ಯೋ, ಕೆಟ್ಟಿತು ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ, "ಅವರೇ ಕಣೇ, ಮಚ್ಚೆ ಇದೆ ನೋಡು!" ಎಂಬ ದನಿ ಕೇಳಿಸಿತು.

ಅಗುಳಿ ಸರಿಯಿತು. ಜೀವಮಾನದಲ್ಲಿ ಅದೆಷ್ಟೋ ಬಾಗಿಲುಗಳನ್ನು ತಾನೇ ತೆರೆದಿದ್ದ ಬೀಗದಕ್ಕನಿಗೆ, ಬೇರೆಯವರು ತನಗಾಗಿ ತೆರೆದ ಆ ಬಾಗಿಲಿನ ಸದ್ದು ಬಹಳ ಇಂಪಾಗಿ ಕೇಳಿಸಿತು. ದೊಡ್ಡ ಅಂಗಡಿಯವರಿಗೆ ಏನು ಉತ್ತರ ಹೇಳಬೇಕೆಂಬುದನ್ನು ಅವಳು ಚಪ್ಪಲಿ ಬಿಡುವಷ್ಟರಲ್ಲೇ ನಿಶ್ಚಯಿಸಿದ್ದಳು.