ಕುಟ್ಟಿ ಕೊಟ್ಟ ಗುಳಿಗೆ

ಶಿಕಾರಿಪುರದ ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ನಿಂತು ನನಗೆ ಇಪ್ಪತ್ತು ವರ್ಷ ದಾಟಿತು. ಅರ್ಧ ಊರಿಗೆ ಗುಳಿಗೆ ನುಂಗುವುದು ಹೇಗೆಂದು ಹೇಳಿಕೊಟ್ಟವಳು ನಾನು. ನನ್ನ ಅವ್ವನಿಗೆ ಮಾತ್ರ ಮನೆಯಲ್ಲಿ ಗುಳಿಗೆಯನ್ನು ಕುಟ್ಟಾಣಿಗೆ ಹಾಕಿ ಕುಟ್ಟಿ ಕೊಟ್ಟರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವ್ವ ಇರುವುದು ಸೊರಬದ ಕಡೆಯ ಜಡೆ ಎಂಬ ಹಳ್ಳಿಯಲ್ಲಿ, ಅಣ್ಣ ಅತ್ತಿಗೆಯ ಜೊತೆ. ಹೋದ ವರ್ಷ ಡಾಕ್ಟರು ಅವಳ ಬಿಪಿಗೆ ಹೊಸ ಗುಳಿಗೆ ಬರೆದರು. ದಿನಕ್ಕೊಂದೇ ಸಾಕು, ಇಡೀ ದಿನ ಕೆಲಸ ಮಾಡುತ್ತದೆ. ನಾನೇ ತಿಂಗಳಿಗೊಮ್ಮೆ ಪೊಟ್ಟಣ ಕಟ್ಟಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೆ.

ಒಂದು ಬೆಳಿಗ್ಗೆ ಅಣ್ಣನ ಫೋನು ಬಂತು. "ಅವ್ವ ಬಚ್ಚಲ ಹತ್ರ ಬಿದ್ದಾಳೆ ಕಣೆ. ಮಾತೇ ಇಲ್ಲ. ಸೊರಬಕ್ಕೆ ಕರ್ಕೊಂಡು ಹೊಂಟೀವಿ."

ನಾನು ಸೊರಬದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವ್ವನಿಗೆ ಸಲೈನ್ ಹಾಕಿ, ಮಂಚದ ಕಾಲಿನ ಕಡೆ ಎತ್ತರಿಸಿ ಮಲಗಿಸಿದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು, "ಬಿಪಿ ತೀರಾ ಇಳಿದಿದೆ. ಸಂಜೆವರೆಗೆ ಏನೂ ಹೇಳೋಕಾಗಲ್ಲ" ಅಂದವರು ಅತ್ತಿಗೆಯ ಕಡೆ ತಿರುಗಿ, "ಗುಳಿಗೆ ಹೇಗೆ ಕೊಟ್ರಿ?" ಎಂದು ಕೇಳಿದರು.

"ಮೂರು ದಿನದಿಂದ ಕುಟ್ಟಿ, ಜೇನುತುಪ್ಪದಾಗೆ ಕಲಸಿ ನೆಕ್ಸೀನ್ರೀ."

ಎರಡು ದಿನ ಅವ್ವನಿಗೆ ತಲೆ ಸುತ್ತಿತ್ತಂತೆ. ಬಿಸಿಲಿಗೆ ಅಂದುಕೊಂಡರಂತೆ. ಮೂರನೆಯ ದಿನ ಬಿದ್ದಳು.

ವಾರ್ಡು ಅನ್ನುವುದನ್ನೂ ನೋಡದೆ ಕೂಗಾಡಿದೆ. "ಕೂಸಿಗೆ ಬಜೆ ತೇಯ್ದು ನೆಕ್ಕಿಸೋದು ಅಂದ್ಕೊಂಡ್ರಾ ಅತ್ತಿಗೆ? ಅವ್ವನ್ನ ಕೊಲ್ಲಬೇಕು ಅಂತಿದ್ರಾ?" ನಮ್ಮ ಮನೆಗಳ ಬುದ್ಧಿಯೇ ಇಷ್ಟು. ಬಜೆ, ಜಾಯಿಕಾಯಿ, ಬೇರು, ಯಾವುದನ್ನೂ ಅರೆಯದೆ ಬಾಯಿಗೆ ಇಡುವುದಿಲ್ಲ. ಅರೆದರೆ ಬೇಗ ಹತ್ತುತ್ತದೆ ಅನ್ನುವ ನಂಬಿಕೆ. ಬೇಗ ಹತ್ತುತ್ತದೆ, ನಿಜ. ಅದೇ ಅವ್ವನನ್ನು ಕೆಡವಿದ್ದು. ಔಷಧ ಕರಗಿ ಕರುಳಿನಿಂದ ರಕ್ತಕ್ಕೆ ಇಳಿಯಬೇಕು. ಪಿತ್ತಜನಕಾಂಗ ತನ್ನ ಪಾಲು ಮುರಿದುಕೊಂಡ ಮೇಲೆ ಉಳಿದದ್ದು ರಕ್ತನಾಳಗಳನ್ನು ಸಡಿಲಿಸಬೇಕು. ಈ ಗುಳಿಗೆ ಔಷಧವನ್ನು ಗಂಟೆಗಿಷ್ಟು ಎಂದು ಬಿಡುವ ಹಾಗೆ ಮಾಡಿದ್ದು. ಕುಟ್ಟಿದರೆ ಇಪ್ಪತ್ನಾಲ್ಕು ಗಂಟೆಯದ್ದು ಒಂದೆರಡು ಗಂಟೆಯಲ್ಲೇ ರಕ್ತಕ್ಕೆ ನುಗ್ಗುತ್ತದೆ, ಕೆರೆಯ ತೂಬನ್ನು ಒಮ್ಮೆಗೇ ಎತ್ತಿದ ಹಾಗೆ. ನಿಧಾನಕ್ಕೆ ಬಿಡುವ ಗುಳಿಗೆ ಅನ್ನುವುದಕ್ಕೆ ಸ್ಟ್ರಿಪ್ಪಿನ ಮೇಲೆ ಇರುವೆ ಗಾತ್ರದ ಎರಡು ಇಂಗ್ಲಿಷ್ ಅಕ್ಷರ ಹಾಕಿ ಕೈ ತೊಳೆದುಕೊಂಡ ಕಂಪನಿಯವರ ಮೇಲೂ, ಗದ್ದೆಗೆ ಹೋಗಿದ್ದೆ ಅಂದ ಅಣ್ಣನ ಮೇಲೂ ಹರಿಹಾಯ್ದೆ.

ಅತ್ತಿಗೆ ಅಳಲಿಲ್ಲ. ನನ್ನ ಕೂಗಾಟ ಮುಗಿಯುವವರೆಗೆ ಅವ್ವನ ಪಾದ ಉಜ್ಜುತ್ತಲೇ ಇದ್ದರು.

"ಗುಳಿಗೆ ಹಂಗೇ ಹೊರಗೆ ಬರ್ತಿತ್ತು. ಕಮೋಡ್ ಕುರ್ಚಿ ತೊಳೆಯೋಳು ನಾನು, ನಂಗೆ ಕಾಣ್ತದೆ. ಹೊಟ್ಟೇಲಿ ಕರಗ್ಲೇ ಇಲ್ಲ, ಔಷಧ ದಂಡ ಆಗ್ತೈತಿ ಅಂತ ಕುಟ್ಟಿದೆ. ಅದಕ್ಕೂ ಮೊದ್ಲು ನಿಂಗೆ ಫೋನ್ ಮಾಡಿದ್ದೆ. ಊಟಕ್ಕೆ ಕೂತಿದ್ದೆ ನೀನು. 'ಛೀ ಅತ್ತಿಗೆ, ಊಟದ ಹೊತ್ತಲ್ಲಿ ಇದೇನು ಮಾತು' ಅಂದು ಫೋನ್ ಇಟ್ಟುಬಿಟ್ಟೆ."

ನಿಜ. ಬುತ್ತಿ ಬಿಚ್ಚಿದ್ದೆ. ಆಮೇಲೆ ಮಾಡಿದರಾಯಿತು ಅಂದುಕೊಂಡೆ, ಮಾಡಲಿಲ್ಲ. ಅಷ್ಟು ಹೊತ್ತು ಊರಿನವರ ಮೇಲೆಲ್ಲ ಕಾರಿದ ಸಿಟ್ಟು ನನ್ನ ಮೇಲೆಯೇ ತಿರುಗಿತು.

ಸಂಜೆಯ ಹೊತ್ತಿಗೆ ಬಿಪಿ ಮೆಲ್ಲಗೆ ಏರಿತು. ಅವ್ವ ಕಣ್ಣು ಬಿಟ್ಟು ಮೊದಲು ಕರೆದದ್ದು ಅತ್ತಿಗೆಯನ್ನು. ಅವಳ ಬಾಯಿಗೆ ಚಮಚದಲ್ಲಿ ನೀರು ಹಾಕಿ, ತುಟಿ ಒರೆಸಿ, ಅತ್ತಿಗೆ ನನ್ನ ಕಡೆ ನೋಡಿದರು.

"ಈಗಾದ್ರೂ ಹೇಳು. ಅದ್ಯಾಕೆ ಹಂಗೇ ಹೊರಗೆ ಬರ್ತದೆ?"

ಹೇಳಿದೆ. ಹೊರಗೆ ಬರುವುದು ಬರೀ ಸಿಪ್ಪೆ, ಅತ್ತಿಗೆ. ಒಳಗಿನ ಔಷಧವೆಲ್ಲ ಆ ಹೊತ್ತಿಗೆ ರಕ್ತಕ್ಕೆ ಸೇರಿರುತ್ತದೆ. ಖಾಲಿ ಸಿಪ್ಪೆ ಕಂಡರೆ ಗುಳಿಗೆ ತನ್ನ ಕೆಲಸ ಮಾಡಿದೆ ಅಂತ ಅರ್ಥ. ಇದನ್ನು ಇಡಿಯಾಗಿಯೇ ನುಂಗಬೇಕು, ಕುಟ್ಟಬಾರದು.

ಅವತ್ತು ಫೋನಿನಲ್ಲಿ ಹೇಳದ್ದನ್ನು ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ.