ಹೇಳಿದ ಬೆಲೆಗೆ ಹೂಂ ಅಂದವನು

ನಮ್ಮ ಬೀದಿಗೆ ಸೊಪ್ಪು ಹೊತ್ತು ಬರುವ ಗೌರಮ್ಮ ಹೇಳಿದ ಬೆಲೆಗೆ ನಾನು ಮರುಮಾತಾಡದೆ ಕೊತ್ತಂಬರಿ ಕೊಂಡರೆ ಅವಳ ಮುಖ ಅರಳುವುದಿಲ್ಲ, ಬಾಡುತ್ತದೆ. “ಯಾಕ್ರಿ ಸಾಬ್ರೆ, ಮೈಯಾಗ ಹುಷಾರಿಲ್ಲೇನು?” ಎಂದು ಕೇಳಿಯೇ ಬಿಡುತ್ತಾಳೆ. ಚೌಕಾಸಿಯನ್ನು ಜಿಪುಣತನವೆಂದು ತಿಳಿದ ಸಜ್ಜನರು ನಮ್ಮ ದಾವಣಗೆರೆಯ ಪೇಟೆಯಲ್ಲಿ ಒಂದು ಸಂಜೆ ಕೂತು ನೋಡಬೇಕು. ಅಲ್ಲಿ ಅದು ಒಬ್ಬರನ್ನೊಬ್ಬರು ಮಾತಾಡಿಸುವ, ಕಣ್ಣಲ್ಲೇ ಅಳೆಯುವ, ಕೊನೆಗೆ ಇಬ್ಬರೂ ತಾವೇ ಗೆದ್ದೆವೆಂದು ನಂಬಿ ಮನೆಗೆ ಹೋಗುವ ಒಂದು ಉಪಚಾರ.

ನಾನು ಈ ವಿದ್ಯೆ ಕಲಿತದ್ದು ಬಟ್ಟೆ ಅಂಗಡಿಯ ಚನ್ನಬಸಪ್ಪ ಸಾಹುಕಾರರ ಬಿಳಿ ಗಾದಿಯ ಮೇಲೆ. ಮೀಸೆ ಮೂಡುವ ಮುನ್ನ ಸೇರಿದವನು, ತಲೆಯಲ್ಲಿ ನರೆ ಇಣುಕುವವರೆಗೂ ಅಲ್ಲೇ ಬಟ್ಟೆ ಬಿಚ್ಚಿ ತೋರಿಸಿದೆ, ಮಡಚಿಟ್ಟೆ. ಎಂಬತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು. ಹರಿಹರದ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸ, ಹತ್ತಿರ ಹತ್ತಿರ ಎರಡರಷ್ಟು ಸಂಬಳ, ಇರಲು ಕ್ವಾರ್ಟರ್ಸು ಎಂದರು ಅಲ್ಲಿಯವರು. ಊರಂಚಿನ ಆನೆಕೊಂಡದ ನಮ್ಮ ಒಂಟಿ ಕೋಣೆಯಲ್ಲಿ ಹೆಣ್ಣುಮಕ್ಕಳು ಮಲಗಿದರೆ ನನಗೂ ನನ್ನವಳಿಗೂ ಹೊಸ್ತಿಲೇ ಗತಿಯಾಗಿತ್ತು. ಹೂಂ ಅಂದು ಬಂದೆ. ಸೋಮವಾರ ಹೋಗಿ ನೇಮಕದ ಕಾಗದ ತರುವುದೊಂದು ಉಳಿದಿತ್ತು, ಸಾಹುಕಾರರಿಗೆ ಹೇಳುವುದೊಂದು. ಅನ್ನ ಕೊಟ್ಟ ಗಾದಿಯಿಂದ ಹೆಚ್ಚಿನ ಸಂಬಳಕ್ಕಾಗಿ ಏಳುವವನ ಕಾಲು ಎಷ್ಟು ಭಾರವೆಂಬುದು, ಸ್ನೇಹಿತರೇ, ಹಾಗೆ ಎದ್ದವರಿಗೇ ಗೊತ್ತು.

ಹೇಳಿದೆ. ಸಾಹುಕಾರರು ಕೈಯಲ್ಲಿದ್ದ ಗಜಕೋಲು ಕೆಳಗಿಟ್ಟು, “ಎಷ್ಟು ಕೊಡ್ತಾರಂತೆ?” ಎಂದರು. ಹೇಳಿದೆ.

“ಅವರು ಅಷ್ಟು ಅಂದ್ರು. ನೀನೆಷ್ಟು ಅಂದಿ?”

“ನಾನು ಹೂಂ ಅಂದೆ, ಸಾವ್ಕಾರ್ರೆ.”

“ಥೂ ನಿನ್ನ! ಇಷ್ಟು ವರ್ಷ ನನ್ನ ಗಾದಿ ಮ್ಯಾಲೆ ಕುಂತು ಇದನ್ನೇನೋ ಕಲ್ತಿದ್ದು, ಹುಸೇನಿ? ಮೊದಲ್ನೇ ರೇಟಿಗೆ ಯಾವನಾದ್ರೂ ಹೂಂ ಅಂತಾನೇನೋ? ಸೋಮವಾರ ನಾನೂ ಬರ್ತೀನಿ ನಡಿ.”

ನಾನು ಬಿಟ್ಟು ಹೋಗುವುದಕ್ಕೆ ಅವರಿಗೆ ಸಿಟ್ಟಿರಲಿಲ್ಲ. ಅಗ್ಗಕ್ಕೆ ಹೋಗುತ್ತಿದ್ದೇನೆ ಎಂಬುದಕ್ಕಿತ್ತು.

ಸೋಮವಾರ ಕಾರ್ಖಾನೆಯ ಕಚೇರಿಯಲ್ಲಿ, ಕರಿ ಟೋಪಿ, ಗರಿಗರಿ ಧೋತರದ ಸಾಹುಕಾರರು ಎಳೆಯ ಅಧಿಕಾರಿಯೊಬ್ಬರ ಮುಂದೆ ಕೂತು ನನ್ನ ಗುಣಗಾನವನ್ನು ರೇಷ್ಮೆ ಸೀರೆಯಂತೆ ಪದರ ಪದರವಾಗಿ ಬಿಚ್ಚಿದರು. ನನ್ನಲ್ಲಿ ಇಷ್ಟೆಲ್ಲ ಇತ್ತೆಂದು ನನಗೂ ಅಂದೇ ತಿಳಿದದ್ದು. ಆಮೇಲೆ ಕಾರ್ಖಾನೆಯ ಸಂಬಳದ ಮೇಲೆ ಇನ್ನಷ್ಟು ಸೇರಿಸಿ ತಮ್ಮ ರೇಟು ಹೇಳಿದರು.

“ಯಜಮಾನ್ರೇ, ಸಂಬಳ ಗ್ರೇಡ್ ಪ್ರಕಾರ. ನಾನು ಹೆಚ್ಚು ಕಮ್ಮಿ ಮಾಡೋ ಹಾಗಿಲ್ಲ,” ಎಂದರು ಅಧಿಕಾರಿ.

“ನಿಮ್ದೂ ಬ್ಯಾಡ, ನಂದೂ ಬ್ಯಾಡ. ನಡುವಿಂದೊಂದು ಹೇಳ್ರಿ.”

“ಆಗೋದಿಲ್ಲ.”

“ಹಂಗಾದ್ರೆ ಬಿಡ್ರಿ. ಏಳೋ ಹುಸೇನಿ, ಇಂಥ ಮಾಲು ಕೊಳ್ಳೋ ಗಿರಾಕಿ ಇಲ್ಲಿಲ್ಲ.”

ಪೇಟೆಯವರಿಗೆ ಇದರ ಅರ್ಥ ಗೊತ್ತು. ಎದ್ದವನು ನಿಧಾನವಾಗಿ ಎದ್ದು ನಿಧಾನವಾಗಿ ನಡೆಯಬೇಕು. ಹೊಸ್ತಿಲು ದಾಟುವುದರೊಳಗೆ ಕೂತವನು “ಬರ್ರಿ, ಬರ್ರಿ, ಕೂಡ್ರಿ” ಎಂದು ಕರೆಯಬೇಕು. ಆದರೆ ಆ ಅಧಿಕಾರಿ ಪೇಟೆಯವರಲ್ಲ. ಬಾಗಿಲಾಚೆ ಬೆಂಚಿನ ಮೇಲೆ ಅದೇ ಕೆಲಸಕ್ಕೆ ಬಂದವರು ಸಾಲಾಗಿ ಕೂತಿದ್ದರು. “ಮುಂದಿನವರನ್ನ ಕಳಿಸಪ್ಪಾ,” ಎಂದು ಜವಾನನಿಗೆ ಹೇಳಿ ನನ್ನ ಕಾಗದವನ್ನು ಪಕ್ಕಕ್ಕೆ ಸರಿಸಿಯೇಬಿಟ್ಟರು. ನನ್ನ ಕಣ್ಣ ಮುಂದೆ ಹೊಸ್ತಿಲ ಮೇಲೆ ಮಲಗಿದ ನನ್ನವಳು ಸುಳಿದಳು.

ಸಾಹುಕಾರರ ಹೆಜ್ಜೆ ನಿಂತಿತು. ವ್ಯಾಪಾರದಲ್ಲಿ ಒಮ್ಮೆ ಎದ್ದರೆ ಬೀಗರ ಅಂಗಡಿಯಾದರೂ ಹಿಂದಿರುಗಿ ಕೂತವರಲ್ಲ ಅವರು. ಆ ಹಟಕ್ಕೇ ಪೇಟೆಯಲ್ಲಿ ಅವರಿಗೊಂದು ಹೆಸರು. ಅಂಥವರು ತಿರುಗಿದರು, ಅದೇ ಕುರ್ಚಿಯಲ್ಲಿ ಮತ್ತೆ ಕೂತರು, ಟೋಪಿ ತೆಗೆದು ಕೈಯಲ್ಲಿ ಹಿಡಿದರು.

“ನಿಮ್ಮ ರೇಟೇ ಆಗ್ಲಿ, ಸ್ವಾಮಿ. ಹುಡುಗ ನಮ್ಮವನು, ಚೆನ್ನಾಗಿ ನೋಡ್ಕೊಳ್ರಿ.”

ನರೆ ಬಂದ ಹುಡುಗನನ್ನು ನೋಡಿ ಅಧಿಕಾರಿ ನಕ್ಕು ಸಹಿ ಹಾಕಿದರು.

ದಾವಣಗೆರೆಯ ಬಸ್ಸು ಹತ್ತಿದೆವು. ಊರು ಹತ್ತಿರವಾದಾಗ ಅವರು ನನ್ನ ಕಿವಿಯ ಬಳಿ ಬಗ್ಗಿದರು.

“ಲೇ, ಅಂಗಡ್ಯಾಗ ಯಾರಿಗೂ ಹೇಳಬ್ಯಾಡ.”

“ಏನು, ಸಾವ್ಕಾರ್ರೆ? ನಾನು ಕೆಲಸ ಬಿಟ್ಟಿದ್ದಾ?”

“ಅದನ್ನ ಊರಿಗೆಲ್ಲ ಹೇಳ್ಕೋ ಹೋಗು. ನಾನು ಹಿಂದಕ್ಕೆ ಬಂದು ಕುಂತಿದ್ದನ್ನ.”