ಹಾಲು ಕರಗದ ಹೊಟ್ಟೆ

ಮದುವೆಯಾಗಿ ವರ್ಕಾಡಿಗೆ ಬಂದ ಮೇಲೆಯೇ ನಾನು ದಿನಾ ಹಾಲು ಕುಡಿಯಲು ಶುರು ಮಾಡಿದ್ದು. ಮೊಗ್ರಾಲಿನ ತವರಿನಲ್ಲಿ ಬೆಳಿಗ್ಗೆ ಎಲ್ಲರಿಗೂ ಕಣ್ಣ ಚಾಯ, ಅಂದರೆ ಹಾಲು ಹಾಕದ ಚಹಾ. ಹಾಲು ತರುತ್ತಿದ್ದುದು ನೆಂಟರು ಬಂದರೆ ಮಾತ್ರ. ಗಂಡನ ಮನೆಯ ಹಟ್ಟಿಯಲ್ಲಿ ಎರಡು ಗಿಡ್ಡ ಹಸುಗಳಿದ್ದವು. ಅತ್ತೆ ತಾವೇ ಕರೆದು, ಕಾಯಿಸಿ, ದೊಡ್ಡ ಲೋಟದ ತುಂಬ ಹಾಲು ನನ್ನ ಕೈಗಿಡುತ್ತಿದ್ದರು. ನಾನು ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಿರುತ್ತಿದ್ದರು. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ?

ನಾನು ಕುಂಬಳೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಹಾಲು ಕುಡಿದು ಬಸ್ಸು ಹತ್ತಿದರೆ, ಅರ್ಧ ದಾರಿಯಲ್ಲೇ ಹೊಟ್ಟೆ ಗುಡುಗುಡು ಎನ್ನಲು ಹಿಡಿಯುತ್ತಿತ್ತು. ಪಕ್ಕದಲ್ಲಿ ಕೂತವರಿಗೆ ಕೇಳಬಾರದೆಂದು ಬ್ಯಾಗನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳುತ್ತಿದ್ದೆ. ಅಂಗಡಿಯಲ್ಲಿ ಗಿರಾಕಿಗೆ ಸೀರೆ ಬಿಡಿಸಿ ತೋರಿಸುವಾಗಲೇ ಕಕ್ಕಸಿಗೆ ಓಡಬೇಕಾಗುತ್ತಿತ್ತು. ವಾಪಸು ಬಂದಾಗ ಜೊತೆಗಿನ ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಹೊಸ ಊರು, ಹೊಸ ನೀರು, ಅದಕ್ಕೇ ಹೀಗಾಗುತ್ತಿದೆ ಎಂದುಕೊಂಡೆ. ಗಂಡನಿಗೂ ಹೇಳಲಿಲ್ಲ. ಹೊಸ ಹೆಂಡತಿ ಗಂಡನ ಹತ್ತಿರ ಹೇಳುವ ಮಾತೇ ಅದು?

ಒಂದು ಬೆಳಿಗ್ಗೆ ಹಾಲು ಕುಡಿದ ಸ್ವಲ್ಪ ಹೊತ್ತಿಗೆ ವಾಕರಿಕೆ ಬಂತು. ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದೆ. ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ನಗುತ್ತಾ ನಿಂತಿದ್ದರು.

"ಎಂತ ಮಗಾ, ಏನಾದರೂ ವಿಶೇಷ ಉಂಟಾ?"

ಆ ತಿಂಗಳು ಮುಟ್ಟು ತಡವಾಗಿತ್ತು. ಹೊಟ್ಟೆಯೂ ಉಬ್ಬಿದಂತಿತ್ತು. ನನಗೂ ಹಾಗೆಯೇ ಅನ್ನಿಸಿತು. ಅನ್ನಿಸಿ, ಒಳಗೊಳಗೇ ಖುಷಿಯಾಯಿತು. "ಇರಬಹುದು ಅತ್ತೆ" ಎಂದೆ. ಮಾರನೆಯ ದಿನದಿಂದ ಹಾಲಿಗೆ ಕೇಸರಿ ಬಿತ್ತು. ರಾತ್ರಿಗೂ ಒಂದು ಲೋಟ ಬಂತು. ಡಾಕ್ಟರ ಹತ್ತಿರ ಹೋಗುವ ಮೊದಲೇ ಅತ್ತೆ ಫೋನು ಹಿಡಿದು ತಮ್ಮ ತಂಗಿಗೆ, ನಾದಿನಿಗೆ, ನನ್ನ ಅಮ್ಮನಿಗೂ ಸುದ್ದಿ ಮುಟ್ಟಿಸಿದ್ದರು. ಅಮ್ಮ ಫೋನಿನಲ್ಲೇ ಅತ್ತರು.

ಕುಂಬಳೆಯ ಕ್ಲಿನಿಕ್ಕಿಗೆ ಅತ್ತೆಯೂ ಬಂದರು. ಪರೀಕ್ಷೆ ಮಾಡಿದ ಡಾಕ್ಟರಮ್ಮ, "ಗರ್ಭ ಇಲ್ಲ" ಎಂದರು. ಮದುವೆಯಾದ ಹೊಸತರಲ್ಲಿ ಮುಟ್ಟು ಹೀಗೆ ಹಿಂದೆ ಮುಂದೆ ಆಗುವುದುಂಟು ಎಂದು ಸಮಾಧಾನ ಹೇಳಿ, ಒಂದೊಂದೇ ಪ್ರಶ್ನೆ ಕೇಳಿದರು. ಗ್ಯಾಸ್ ಆಗುತ್ತದಾ? ಭೇದಿ ಆಗುತ್ತದಾ? ಯಾವಾಗ? ಪಕ್ಕದಲ್ಲಿ ಅತ್ತೆ ಕೂತಿದ್ದರು. ನಾನು ತಲೆ ಎತ್ತದೆ, ಮೇಜಿನ ಅಂಚು ನೋಡುತ್ತಾ ಉತ್ತರ ಕೊಟ್ಟೆ.

"ಹಾಲು ಕುಡಿದ ಮೇಲೆಯೇ ಅಲ್ವಾ?" ಎಂದರು ಡಾಕ್ಟರಮ್ಮ. "ಹಾಲಿನಲ್ಲಿ ಒಂದು ಸಕ್ಕರೆ ಉಂಟು. ಎರಡು ಸಣ್ಣ ಸಕ್ಕರೆ ಅಂಟಿಕೊಂಡು ಆದದ್ದು. ಕರುಳಿನಲ್ಲಿ ಒಂದು ಕಿಣ್ವ ಅದನ್ನು ಎರಡು ಮಾಡಬೇಕು, ಆಗಲೇ ಅದು ರಕ್ತಕ್ಕೆ ಸೇರುವುದು. ಸಣ್ಣ ಮಕ್ಕಳಲ್ಲಿ ಆ ಕಿಣ್ವ ಬೇಕಾದಷ್ಟು ಇರುತ್ತದೆ. ದೊಡ್ಡವರಾಗುವಾಗ ತುಂಬ ಜನಕ್ಕೆ ಕಡಿಮೆಯಾಗುತ್ತದೆ. ಆಗ ಒಡೆಯದ ಸಕ್ಕರೆ ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಈ ಗಾಳಿ, ಗುಡುಗು ಎಲ್ಲ ಅದರದ್ದೇ."

"ಅನ್ನ ಆಗ್ತದಲ್ಲ ಅವಳಿಗೆ?" ಅತ್ತೆ ಕೇಳಿದರು.

"ಅನ್ನದ್ದು ಬೇರೆ ಕಿಣ್ವ ಅಮ್ಮ. ಅದು ಎಂಜಲಿನಲ್ಲೇ ಉಂಟು. ಚೆನ್ನಾಗಿ ಜಗಿದರೆ ಅನ್ನ ಬಾಯಲ್ಲೇ ಸಿಹಿಯಾಗುವುದಿಲ್ವಾ? ಮೊಸರು ಸ್ವಲ್ಪ ಕೊಟ್ಟು ನೋಡಿ. ಅದರ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ಮೊದಲೇ ಸ್ವಲ್ಪ ಒಡೆದಿರುತ್ತವೆ."

ಅತ್ತೆ ತಮ್ಮ ಕೈಗಳನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು: "ಅಂದ್ರೆ ನಾನು ಕೊಟ್ಟ ಹಾಲೇ ಇಷ್ಟೆಲ್ಲ ಮಾಡಿದ್ದಾ?"

ಮನೆಗೆ ಬಂದವರೇ ಅತ್ತೆ ಫೋನು ಹಿಡಿದರು. ಅಡುಗೆಮನೆಯಲ್ಲಿದ್ದ ನನಗೆ ಎಲ್ಲವೂ ಕೇಳಿಸುತ್ತಿತ್ತು. "ವಿಶೇಷ ಎಂತ ಇಲ್ಲ ಮಾರಾಯ್ತಿ. ಅವಳಿಗೆ ಹಾಲು ಕರಗುವುದಿಲ್ಲ. ಹೊಟ್ಟೆಯಲ್ಲಿ ಗಾಳಿ ಅಷ್ಟೆ." ಮತ್ತೊಬ್ಬರಿಗೆ ಮತ್ತದೇ ಮಾತು. ಯಾರಿಗೂ ತಿಳಿಯಬಾರದೆಂದು ನಾನು ಮುಚ್ಚಿಟ್ಟದ್ದು ನೆಂಟರ ಮನೆ ಮನೆಗೆ ಹೋಯಿತು. ಸಂಜೆ ಗಂಡ ಕೇಳಿ ಜೋರಾಗಿ ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ. ಆದರೂ ಆ ಹೊತ್ತು ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಮ್ಮನಿಗೆ ಮಾತ್ರ ನಾನೇ ಫೋನು ಮಾಡಿದೆ. ಅವರು, "ಹೋಗಲಿ ಬಿಡು, ಆರೋಗ್ಯ ನೋಡಿಕೋ" ಎಂದರು.

ಮುಂದೆ ಅತ್ತೆಯ ತಂಗಿಯ ಮನೆಯ ಮದುವೆ. ಪಂಕ್ತಿಯಲ್ಲಿ ಹಾಲು ಪಾಯಸ ಬಡಿಸುತ್ತಾ ಬಂದಾಗ ಎದುರು ಸಾಲಿನ ಹೆಂಗಸೊಬ್ಬಳು ಕೂಗಿದಳು: "ಅವಳಿಗೆ ಬಡಿಸಬೇಡಿ, ಆಮೇಲೆ ನಾವೆಲ್ಲ ಏಳಬೇಕಾದೀತು!" ಸಾಲಿಗೆ ಸಾಲೇ ನಕ್ಕಿತು. ನನ್ನ ಕೈ ಎಲೆಯ ಮೇಲೆಯೇ ನಿಂತುಬಿಟ್ಟಿತು.

ಅತ್ತೆ ಪಕ್ಕದಲ್ಲಿದ್ದರು. "ಎಂತಕ್ಕೆ ನಗೂದು?" ಎಂದರು, ಎಲ್ಲರಿಗೂ ಕೇಳುವ ಹಾಗೆ. "ಒಂದು ಕಿಣ್ವ ಕಡಿಮೆ ಉಂಟು ಅವಳಿಗೆ. ನಿನಗೆ ಕನ್ನಡಕ ಇಲ್ಲದೆ ಅಕ್ಷರ ಕಾಣ್ತದಾ? ನಾವು ಯಾರಾದರೂ ನಗ್ತೇವಾ?"

ನಗು ನಿಂತಿತು. ನನಗಾಗಿ ಹಾಗೆ ಮಾತಾಡಿದವರು ಅದುವರೆಗೆ ಯಾರೂ ಇರಲಿಲ್ಲ. ಸಮಾಧಾನವಾಗಬೇಕಿತ್ತು. ಆದರೆ ಈಗ ಆಚೆ ಪಂಕ್ತಿಯವರೂ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ, ಸಾರು ಕಲಸಿದ ಅನ್ನವನ್ನು ರುಚಿಯೇ ತಿಳಿಯದೆ ನುಂಗಿದೆ.